ಕಪ್ಪು ಪರದೆಗೆ ಹೆದರಬೇಡಿ: ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವಾಗ ಎದುರಾಗುವ ತೊಂದರೆಗಳು

(ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಂದು ನಾನು ಆರಿಸಿಕೊಂಡಿರುವ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ತರಗತಿಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವರಿಗೂ ಲ್ಯಾಪ್‌ಟಾಪಿನ ಪರದೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಖಂಡಿತ ಇದೆ. ಈಗ ಪ್ರಾಜೆಕ್ಟ್ ಕೆಲಸ, ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶ ಪರೀಕ್ಷೆಯ ತಯಾರಿ ಎಲ್ಲವೂ ಕಂಪ್ಯೂಟರ್ ಮೂಲಕವೇ ನಡೆಯುತ್ತವೆ. ಮನೆಯಲ್ಲಿರುವ ಒಂದೇ ಒಂದು ಲ್ಯಾಪ್‌ಟಾಪ್ ಕೆಲಸಕ್ಕೆ ಬಾರದಂತಾದರೆ ಮಕ್ಕಳ ಓದಿಗೆ ಪೆಟ್ಟು ಬೀಳುತ್ತದೆ.

ವಿಂಡೋಸ್ 10 ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನೋಂದಾಯಿಸಿಕೊಂಡವರಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ಸಿಕ್ಕಿತಾದರೂ ಅದು ಶಾಶ್ವತ ಪರಿಹಾರವಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಣ್ಣ ಗಲ್ಫ್‌ನಿಂದ ತಂದದ್ದು, ಚಿಕ್ಕಪ್ಪ ಕೊಟ್ಟದ್ದು, ಸೆಕೆಂಡ್ ಹ್ಯಾಂಡ್ ಕೊಂಡದ್ದು, ಹೀಗೆ ನಮ್ಮ ಮನೆಗಳಲ್ಲಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು 2017ಕ್ಕಿಂತ ಹಿಂದಿನವು. ಯಂತ್ರ ಗಟ್ಟಿಯಾಗಿಯೇ ಇರುತ್ತದೆ, ಆದರೆ ಹೊಸ ವಿಂಡೋಸ್ ಅದನ್ನು ಒಪ್ಪುವುದಿಲ್ಲ.

ಇಂಥ ಸಂದರ್ಭದಲ್ಲಿ ಕೆಲವರು ಯಂತ್ರವನ್ನು ಗುಜರಿಗೆ ಹಾಕುತ್ತಾರೆ, ಕೆಲವರು ಕದ್ದ ಪ್ರತಿಯ ತಂತ್ರಾಂಶ ಹಾಕಿಸುತ್ತಾರೆ. ಮೊದಲನೆಯದು ಹಣದ ನಷ್ಟ. ಎರಡನೆಯದು ಹಲಾಲ್ ಗಳಿಕೆಯ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ನಮಗೆ ಶೋಭಿಸುವ ಕೆಲಸವಲ್ಲ. ವೈರಸ್ ಭಯವಂತೂ ಇದ್ದೇ ಇದೆ. ಮೂರನೆಯ ದಾರಿಯೇ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವನ್ನು ಇಂದು ಜಗತ್ತಿನಾದ್ಯಂತ ಸಾವಿರಾರು ಜನ ಸೇರಿ ಬೆಳೆಸುತ್ತಿದ್ದಾರೆ. ಯಾರು ಬೇಕಾದರೂ ಪಡೆಯಬಹುದು, ಹಾಕಿಕೊಳ್ಳಬಹುದು, ಇನ್ನೊಬ್ಬರಿಗೆ ಹಂಚಬಹುದು. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ, ಡೆಬಿಯನ್ ಎಲ್ಲವೂ ಇದರ ರೂಪಗಳೇ. ಮಿಂಟ್‌ಗೆ ಕನಿಷ್ಠ 2 ಜಿಬಿ ಮೆಮೊರಿ ಸಾಕು, 4 ಜಿಬಿ ಇದ್ದರೆ ಆರಾಮವಾಗಿ ನಡೆಯುತ್ತದೆ.

ಆದರೆ ಈ ದಾರಿ ಹಿಡಿದ ಹಲವರು ಅರ್ಧದಲ್ಲೇ ಹಿಂದಿರುಗುತ್ತಾರೆ. ಪೆನ್‌ಡ್ರೈವ್ ಹಾಕಿ ಲಿನಕ್ಸ್ ಶುರು ಮಾಡಿದ ಕೂಡಲೇ ಪರದೆ ಕಪ್ಪಾಗುತ್ತದೆ. ಮನೆಯವರು "ಇದ್ದದ್ದನ್ನೂ ಹಾಳು ಮಾಡಿದೆ" ಎಂದು ಗದರುತ್ತಾರೆ. ಹುಡುಗನೋ ಹುಡುಗಿಯೋ ಹೆದರಿ ಮತ್ತೆಂದೂ ಕಂಪ್ಯೂಟರಿನ ಒಳಗೆ ಕೈ ಹಾಕುವುದಿಲ್ಲ. ಆದ್ದರಿಂದ ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಪರದೆ ಕಪ್ಪಾದ ಮಾತ್ರಕ್ಕೆ ಲ್ಯಾಪ್‌ಟಾಪ್ ಕೆಟ್ಟಿತೆಂದು ಅರ್ಥವಲ್ಲ. ಬಹುತೇಕ ಸಂದರ್ಭಗಳಲ್ಲಿ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ, ಚಿತ್ರ ಮಾತ್ರ ಹೊರಗೆ ಬರುತ್ತಿರುವುದಿಲ್ಲ. ಯಾವ ಹಂತದಲ್ಲಿ ಚಿತ್ರ ನಿಂತಿತು ಎಂದು ಕಂಡುಕೊಂಡರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಚಿತ್ರ ಪರದೆಗೆ ಬರುವ ಬಗೆ

ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ನಾಲ್ಕು ಹಂತಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಯಂತ್ರದೊಳಗೇ ಇರುವ ಬಯೋಸ್ ಅಥವಾ ಯುಇಎಫ್‌ಐ ಎಂಬ ಮೂಲ ತಂತ್ರಾಂಶ ಎದ್ದು ಕಂಪನಿಯ ಲಾಂಛನ ತೋರಿಸುತ್ತದೆ. ಎರಡನೆಯದಾಗಿ ಗ್ರಬ್ ಎಂಬ ಪುಟ್ಟ ತಂತ್ರಾಂಶ ಯಾವುದನ್ನು ಶುರು ಮಾಡಲಿ ಎಂದು ಒಂದು ಮೆನು ಕೊಡುತ್ತದೆ. ಮೂರನೆಯದಾಗಿ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಎದ್ದು ಪರದೆಯ ಹೊಣೆಯನ್ನು ತಾನು ವಹಿಸಿಕೊಳ್ಳುತ್ತದೆ. ನಾಲ್ಕನೆಯದಾಗಿ ಲಾಗಿನ್ ಪುಟ ಮತ್ತು ಡೆಸ್ಕ್‌ಟಾಪ್ ಬರುತ್ತವೆ.

ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂರನೆಯ ಹಂತದಲ್ಲಿ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್‌ಗೆ ತನ್ನದೇ ಆದ ಭಾಷೆ ಇದೆ. ಕರ್ನೆಲ್‌ನ ಭಾಷೆ ಬೇರೆ. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದೇ ಡ್ರೈವರ್. ದುಭಾಷಿಗೆ ಎದುರಿನವರ ಭಾಷೆ ಸರಿಯಾಗಿ ಬಾರದಿದ್ದರೆ ಮಾತುಕತೆ ಮುರಿದುಬೀಳುತ್ತದೆ. ಮೊದಲು ಪರದೆಯ ಅಳತೆ, ಬಣ್ಣಗಳ ಹೊಂದಾಣಿಕೆಯನ್ನು ಬೇರೊಂದು ತಂತ್ರಾಂಶ ಮಾಡುತ್ತಿತ್ತು. 2009ರಲ್ಲಿ ಬಂದ 2.6.29ನೆಯ ಆವೃತ್ತಿಯಿಂದ ಇಂಟೆಲ್ ಚಿಪ್‌ಗಳಿಗೂ, ಮುಂದೆ ಉಳಿದವಕ್ಕೂ ಈ ಕೆಲಸವನ್ನು ಕರ್ನೆಲ್ ತಾನೇ ವಹಿಸಿಕೊಂಡಿತು. ಇದರಿಂದ ಅನುಕೂಲವೇ ಹೆಚ್ಚು. ಆದರೆ ಡ್ರೈವರ್ ಹೊಂದದಿದ್ದರೆ ಪರದೆ ಆರಂಭದಲ್ಲೇ ಕಪ್ಪಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಪದವಿ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಹಳೆಯ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಲು ಹೊರಟಾಗ ಪರದೆ ಕಪ್ಪಾಯಿತು. ರಿಪೇರಿ ಅಂಗಡಿಯವರು ನೋಡಿ "ಡಿಸ್‌ಪ್ಲೇ ಹೋಗಿದೆ, ಬದಲಾಯಿಸಬೇಕು" ಎಂದು ಕೆಲವು ಸಾವಿರ ರೂಪಾಯಿ ಕೇಳಿದರು. ಅವಳ ತಂದೆ ದಿನಗೂಲಿಯವರು, ಆ ಹಣ ಅವರ ಕೈಯಲ್ಲಿರಲಿಲ್ಲ. ಅವಳು ನನ್ನ ಬಳಿ ತಂದಾಗ ಕೇಳಿದ ಮೊದಲ ಪ್ರಶ್ನೆಯೇ ಸರಿಯಾಗಿತ್ತು: "ಆನ್ ಮಾಡಿದಾಗ ಕಂಪನಿ ಲಾಂಛನ ಚೆನ್ನಾಗಿ ಕಾಣುತ್ತದಲ್ಲಾ, ಹಾಗಾದರೆ ಡಿಸ್‌ಪ್ಲೇ ಹೇಗೆ ಹೋಗಿರುತ್ತದೆ?" ಪರದೆ ನಿಜವಾಗಿ ಕೆಟ್ಟಿದ್ದರೆ ಲಾಂಛನವೂ ಕಾಣುತ್ತಿರಲಿಲ್ಲ. ಮುಂದೆ ಹೇಳುವ ಕ್ರಮವನ್ನೇ ಅನುಸರಿಸಿ ಅರ್ಧ ಗಂಟೆಯಲ್ಲಿ ಅವಳೇ ಅದನ್ನು ಸರಿಪಡಿಸಿದಳು. ಒಂದು ಪೈಸೆಯೂ ಖರ್ಚಾಗಲಿಲ್ಲ. ನೋಡಿದ್ದನ್ನು ಯೋಚಿಸಿ ನೋಡಿದರೆ ಎಷ್ಟು ಉಪಯೋಗ ಎಂಬುದಕ್ಕೆ ಇದು ಸಾಕ್ಷಿ.

ಕೆಲಸಕ್ಕೆ ಕೈ ಹಾಕುವ ಮೊದಲು

ಒಂದನೆಯದಾಗಿ, ನಿಮ್ಮ ಫೋಟೋ, ಅಂಕಪಟ್ಟಿ, ಬರಹಗಳೆಲ್ಲವನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಡಿ. ಇದನ್ನು ಮಾಡದೆ ಮುಂದೆ ಹೋಗಲೇಬೇಡಿ.

ಎರಡನೆಯದಾಗಿ, ವಿಂಡೋಸ್ ಇರುವಾಗಲೇ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ಏನಿದೆ ಎಂದು ನೋಡಿ ಬರೆದುಕೊಳ್ಳಿ. ಇಂಟೆಲ್ ಒಂದೇ ಇದೆಯೋ, ಎಎಮ್‌ಡಿ ಇದೆಯೋ, ಇಂಟೆಲ್ ಜೊತೆಗೆ ಎನ್ವಿಡಿಯಾ ಕೂಡ ಇದೆಯೋ ಎಂಬುದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಮೂರನೆಯದಾಗಿ, ಇಳಿಸಿಕೊಂಡ ಲಿನಕ್ಸ್ ಕಡತ ಪೂರ್ತಿ ಬಂದಿದೆಯೇ ಎಂದು ಚೆಕ್‌ಸಮ್ ಮೂಲಕ ಪರೀಕ್ಷಿಸಿ. ಅರ್ಧಂಬರ್ಧ ಇಳಿದ ಕಡತದಿಂದಲೂ ಪರದೆ ಕಪ್ಪಾಗಬಹುದು. ಅದನ್ನು ಗ್ರಾಫಿಕ್ಸ್ ತೊಂದರೆ ಎಂದು ತಿಳಿದು ದಿನಗಟ್ಟಲೆ ಹುಡುಕಿದರೆ ಶ್ರಮ ವ್ಯರ್ಥ.

ನಾಲ್ಕನೆಯದಾಗಿ, ನೇರವಾಗಿ ಡಿಸ್ಕ್‌ಗೆ ಹಾಕಬೇಡಿ. ಉಬುಂಟು, ಮಿಂಟ್ ಇವೆಲ್ಲ ಪೆನ್‌ಡ್ರೈವ್‌ನಿಂದಲೇ ಓಡುತ್ತವೆ. ಹಾಗೆ ಓಡಿಸಿ ಪರದೆ, ಧ್ವನಿ, ವೈಫೈ ಎಲ್ಲ ಸರಿಯೇ ಎಂದು ನೋಡಿ, ಆಮೇಲೆ ಸ್ಥಾಪಿಸಿ. ಇಲ್ಲಿ ಪರದೆ ಸರಿ ಬಂದರೆ ಸ್ಥಾಪಿಸಿದ ಮೇಲೂ ಬಹುಮಟ್ಟಿಗೆ ಸರಿ ಬರುತ್ತದೆ.

ಮೆನುವೇ ಬಾರದಿದ್ದರೆ

ಪೆನ್‌ಡ್ರೈವ್ ಹಾಕಿದರೂ ಗ್ರಬ್ ಮೆನು ಕಾಣದೆ ಹಳೆಯ ವಿಂಡೋಸ್ ಬಂದರೆ ಅಥವಾ ಲಾಂಛನದಲ್ಲೇ ನಿಂತರೆ, ಅದನ್ನು ಲಿನಕ್ಸಿನ ಗ್ರಾಫಿಕ್ಸ್ ತೊಂದರೆ ಎನ್ನುವಂತಿಲ್ಲ. ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ. ಪೆನ್‌ಡ್ರೈವ್ ಸರಿಯಾಗಿ ತಯಾರಾಗಿದೆಯೇ, ಬೂಟ್ ಕ್ರಮದಲ್ಲಿ ಅದು ಮೊದಲಿದೆಯೇ, ಬೇರೆ ಯುಎಸ್‌ಬಿ ಕಿಂಡಿಯಲ್ಲಿ ಹಾಕಿದರೆ ಬರುತ್ತದೆಯೇ ಎಂದು ನೋಡಿ. ಗುಂಡಿ ಒತ್ತಿದಾಗ ಲಾಂಛನವೂ ಬಾರದಿದ್ದರೆ ಮಾತ್ರ ಯಂತ್ರಾಂಶದ ದೋಷವನ್ನು ಸಂಶಯಿಸಬೇಕು.

ಮೆನುವಿನ ನಂತರ ಪರದೆ ಕಪ್ಪಾದರೆ

ಇದೇ ಎಲ್ಲರನ್ನೂ ಹೆದರಿಸುವ ಘಟ್ಟ. ಮೊದಲು ಎರಡು ಮೂರು ನಿಮಿಷ ಸುಮ್ಮನೆ ಕಾಯಿರಿ. ಹಳೆಯ ಯಂತ್ರ, ನಿಧಾನದ ಪೆನ್‌ಡ್ರೈವ್ ಆದರೆ ತಡವಾಗುವುದು ಸಹಜ. ಸಬ್ರ್ ಇಲ್ಲದೆ ಗುಂಡಿ ಒತ್ತಿ ಆಫ್ ಮಾಡಬೇಡಿ. ಆಮೇಲೆ ಮೂರು ಪರೀಕ್ಷೆ ಮಾಡಿ.

ಮೊದಲ ಪರೀಕ್ಷೆ, ಕ್ಯಾಪ್ಸ್ ಲಾಕ್ ಕೀಲಿ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನೆಲ್ ಜೀವಂತವಾಗಿದೆ, ಚಿತ್ರ ಮಾತ್ರ ಬರುತ್ತಿಲ್ಲ. ನೀವು ಒತ್ತದೆಯೇ ದೀಪ ತಾನಾಗಿ ಮಿಟುಕುತ್ತಿದ್ದರೆ ಕರ್ನೆಲ್ಲೇ ಕುಸಿದಿದೆ ಎಂದು ಅರ್ಥ.

ಎರಡನೆಯ ಪರೀಕ್ಷೆ, ಕೋಣೆಯ ದೀಪ ಆರಿಸಿ ಟಾರ್ಚ್ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಡಿ. ಮಸುಕಾಗಿ ಅಕ್ಷರ, ಚಿತ್ರ ಕಂಡರೆ ಚಿತ್ರ ಬಂದಿದೆ, ಅದರ ಹಿಂದಿನ ಬೆಳಕು ಮಾತ್ರ ಆರಿದೆ. ಬೆಳಕು ಹೆಚ್ಚಿಸುವ ಕೀಲಿಗಳನ್ನು ಒತ್ತಿ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ.

ಮೂರನೆಯ ಪರೀಕ್ಷೆ, ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಲಾಗಿನ್ ಸಾಲು ಬಂದರೆ ಕರ್ನೆಲ್ ಮತ್ತು ಪರದೆ ಎರಡೂ ಸರಿ ಇವೆ, ಡೆಸ್ಕ್‌ಟಾಪ್ ಹಂತದಲ್ಲಿ ಮಾತ್ರ ತೊಡಕಿದೆ.

ಈಗ ಪರಿಹಾರಕ್ಕೆ ಬರೋಣ. ಯಂತ್ರವನ್ನು ಮತ್ತೆ ಶುರು ಮಾಡಿ ಮೆನು ಬಂದಾಗ ಗಮನವಿಟ್ಟು ಓದಿ. ಉಬುಂಟುವಿನಲ್ಲಿ "ಸೇಫ್ ಗ್ರಾಫಿಕ್ಸ್" ಎಂಬ ಸಾಲು ಇರುತ್ತದೆ. ಮಿಂಟ್‌ನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್" ಎಂದಿರುತ್ತದೆ. ಫೆಡೋರಾದಲ್ಲಿ "ಟ್ರಬಲ್‌ಶೂಟಿಂಗ್" ಎಂಬುದರ ಒಳಗೆ "ಬೇಸಿಕ್ ಗ್ರಾಫಿಕ್ಸ್ ಮೋಡ್" ಸಿಗುತ್ತದೆ. ಅದನ್ನು ಆರಿಸಿದರೆ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಬರುತ್ತದೆ.

ಆ ಸಾಲು ಇಲ್ಲದಿದ್ದರೆ ನೀವೇ ಬರೆಯಬಹುದು. ಮೆನುವಿನ ಮೊದಲ ಸಾಲಿನ ಮೇಲೆ ನಿಂತು "ಇ" ಅಕ್ಷರದ ಕೀಲಿ ಒತ್ತಿ. ಹಲವು ಸಾಲುಗಳ ಬರಹ ತೆರೆಯುತ್ತದೆ. ಅದರಲ್ಲಿ "ಲಿನಕ್ಸ್" ಎಂಬ ಪದದಿಂದ ಶುರುವಾಗುವ ಸಾಲನ್ನು ಹುಡುಕಿ. ಸಾಮಾನ್ಯವಾಗಿ ಅದರ ಕೊನೆಯ ಕಡೆ "ಕ್ವೈಟ್ ಸ್ಪ್ಲ್ಯಾಶ್" ಎಂಬ ಎರಡು ಪದಗಳಿರುತ್ತವೆ. ಅವುಗಳ ನಂತರ ಒಂದು ಖಾಲಿ ಜಾಗ ಬಿಟ್ಟು "ನೋಮೋಡ್‌ಸೆಟ್" ಎಂದು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಟೈಪ್ ಮಾಡಿ: ಎನ್, ಓ, ಎಮ್, ಓ, ಡಿ, ಇ, ಎಸ್, ಇ, ಟಿ. ನಡುವೆ ಜಾಗ ಬಿಡಬೇಡಿ. ಆಮೇಲೆ ಎಫ್10 ಒತ್ತಿ.

ಈ ಪದದ ಅರ್ಥವೇನು? "ದುಭಾಷಿ ಸದ್ಯಕ್ಕೆ ಬೇಡ, ಕೈಸನ್ನೆಯಲ್ಲೇ ಕೆಲಸ ಸಾಗಿಸು" ಎಂದು ಕರ್ನೆಲ್‌ಗೆ ಹೇಳಿದಂತೆ. ಅದು ಗ್ರಾಫಿಕ್ಸ್ ಡ್ರೈವರ್ ಬಳಸದೆ, ಯಂತ್ರದ ಮೂಲ ತಂತ್ರಾಂಶ ಒದಗಿಸಿದ ಸರಳ ಚಿತ್ರವನ್ನೇ ಮುಂದುವರಿಸುತ್ತದೆ. ಚಿತ್ರ ಒರಟಾಗಿರಬಹುದು, ನಿಧಾನವಾಗಿರಬಹುದು, ಆದರೆ ಕಾಣುತ್ತದೆ. ಇನ್ನೊಂದು ಸಮಾಧಾನದ ಸಂಗತಿ ಎಂದರೆ, ಹೀಗೆ ಮೆನುವಿನಲ್ಲಿ ಮಾಡಿದ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ತಪ್ಪು ಟೈಪ್ ಮಾಡಿದರೂ ಮತ್ತೆ ಶುರು ಮಾಡಿದಾಗ ಎಲ್ಲವೂ ಮೊದಲಿನಂತೆಯೇ ಇರುತ್ತದೆ.

ಸ್ಥಾಪಿಸಿದ ಮೇಲೆ ಪರದೆ ಕಪ್ಪಾದರೆ

ಸೇಫ್ ಗ್ರಾಫಿಕ್ಸ್ ಮೂಲಕ ಸ್ಥಾಪಿಸಿ, ಪೆನ್‌ಡ್ರೈವ್ ತೆಗೆದು ಶುರು ಮಾಡಿದಾಗ ಮತ್ತೆ ಕಪ್ಪಾಗಬಹುದು. ಗಾಬರಿ ಬೇಡ. ಲಿನಕ್ಸ್ ಒಂದೇ ಇದ್ದರೆ ಗ್ರಬ್ ಮೆನು ಅಡಗಿರುತ್ತದೆ. ಲಾಂಛನ ಬಂದ ಕೂಡಲೇ ಎಸ್ಕೇಪ್ ಕೀಲಿ ಒತ್ತಿ, ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಕೀಲಿ ಒತ್ತಿ ಹಿಡಿಯಿರಿ. ಎಸ್ಕೇಪನ್ನು ಪದೇ ಪದೇ ಒತ್ತಿದರೆ ಮೆನು ದಾಟಿ ಗ್ರಬ್‌ನ ಖಾಲಿ ಸಾಲಿಗೆ ಹೋಗುತ್ತದೆ. ಹಾಗಾದರೆ ಮತ್ತೆ ಶುರು ಮಾಡಿದರಾಯಿತು. ಮೆನು ಬಂದ ಮೇಲೆ ಮೊದಲು ಹೇಳಿದಂತೆಯೇ ಮಾಡಿ ಒಳಗೆ ಹೋಗಿ.

ಒಳಗೆ ಹೋದ ಮೇಲೆ ಇಂಟರ್‌ನೆಟ್ ಜೋಡಿಸಿ ಮೊದಲು ಎಲ್ಲ ಅಪ್‌ಡೇಟ್‌ಗಳನ್ನು ಹಾಕಿ. ಎಷ್ಟೋ ತೊಂದರೆಗಳು ಹೊಸ ಕರ್ನೆಲ್ ಮತ್ತು ಹೊಸ ಫರ್ಮ್‌ವೇರ್‌ನಿಂದಲೇ ಹೋಗುತ್ತವೆ. ನೋಮೋಡ್‌ಸೆಟ್ ಒಂದು ಊರುಗೋಲು ಮಾತ್ರ. ಕಾಲು ಸರಿಹೋದ ಮೇಲೆ ಅದನ್ನು ಬಿಡಬೇಕು. ಅದನ್ನೇ ಶಾಶ್ವತವಾಗಿ ಇಟ್ಟುಕೊಂಡರೆ ಪರದೆಯ ಪೂರ್ಣ ಅಳತೆ ಸಿಗುವುದಿಲ್ಲ, ವಿಡಿಯೋ ಪಾಠ ತಡೆತಡೆದು ಓಡುತ್ತದೆ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳು ಕೆಲಸ ಮಾಡದಿರಬಹುದು.

ಯಾವ ಚಿಪ್‌ಗೆ ಯಾವ ಚಿಕಿತ್ಸೆ

ಇಂಟೆಲ್ ಚಿಪ್ ಒಂದೇ ಇದ್ದರೆ ನೀವು ಅದೃಷ್ಟವಂತರು. ಅದರ ಡ್ರೈವರ್ ಕರ್ನೆಲ್ ಒಳಗೇ ಇದೆ, ಬೇರೇನೂ ಹಾಕಬೇಕಿಲ್ಲ. ಎಎಮ್‌ಡಿಯದೂ ಹಾಗೆಯೇ; ಆದರೆ ಅದಕ್ಕೆ ಫರ್ಮ್‌ವೇರ್ ಎಂಬ ಪೂರಕ ಕಡತಗಳು ಬೇಕು. ಹಿಂದೆ ಡೆಬಿಯನ್‌ನ ಅಧಿಕೃತ ಪ್ರತಿಯಲ್ಲಿ ಅವು ಇರುತ್ತಿರಲಿಲ್ಲ, 2023ರಲ್ಲಿ ಬಂದ ಡೆಬಿಯನ್ 12ರಿಂದ ಸೇರಿಸಿದ್ದಾರೆ. ಆದ್ದರಿಂದ ಹಳೆಯ ಪ್ರತಿಗಳನ್ನು ಬಳಸದೆ ಹೊಸದನ್ನೇ ಇಳಿಸಿಕೊಳ್ಳಿ. ತೀರಾ ಹೊಸ ಲ್ಯಾಪ್‌ಟಾಪ್ ಆದರೆ ಇದು ಇನ್ನೂ ಮುಖ್ಯ, ಏಕೆಂದರೆ ಚಿಪ್ ಬಂದ ಮೇಲೆ ತಯಾರಾದ ಕರ್ನೆಲ್‌ಗೆ ಮಾತ್ರ ಅದರ ಪರಿಚಯ ಇರುತ್ತದೆ.

ಹೆಚ್ಚು ತೊಡಕು ಇರುವುದು ಎನ್ವಿಡಿಯಾ ಚಿಪ್‌ಗಳಲ್ಲಿ. ಈ ಕಂಪನಿ ತನ್ನ ಡ್ರೈವರ್‌ನ ಮೂಲ ಬರಹವನ್ನು ಬಹಳ ವರ್ಷ ಬಿಟ್ಟುಕೊಟ್ಟಿರಲಿಲ್ಲ. ಆದ್ದರಿಂದ ಸ್ವಯಂಸೇವಕರು ಚಿಪ್‌ನ ನಡವಳಿಕೆಯನ್ನು ನೋಡಿ ನೋಡಿಯೇ ನೌವೊ ಎಂಬ ಡ್ರೈವರ್ ಬರೆದರು. ಅದು 2010ರಲ್ಲಿ ಕರ್ನೆಲ್ ಸೇರಿತು. 2022ರಲ್ಲಿ ಕಂಪನಿ ತನ್ನ ಹೊಸ ಚಿಪ್‌ಗಳಿಗೆ ಕರ್ನೆಲ್ ಭಾಗದ ಮೂಲ ಬರಹವನ್ನು ಪ್ರಕಟಿಸಿತು, ಆದರೆ ನಮ್ಮ ಹಳೆಯ ಯಂತ್ರಗಳಿಗೆ ಅದು ಅನ್ವಯಿಸುವುದಿಲ್ಲ. ಕಪ್ಪು ಪರದೆಯ ಪ್ರಕರಣಗಳಲ್ಲಿ ನೌವೊ ಮತ್ತು ಚಿಪ್ ಹೊಂದದಿರುವುದು ಒಂದು ಸಾಮಾನ್ಯ ಕಾರಣ.

2010ರಿಂದೀಚೆಗೆ ಬಂದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಮತ್ತು ಎನ್ವಿಡಿಯಾ ಎರಡೂ ಇರುತ್ತವೆ. ಸಾಮಾನ್ಯ ಕೆಲಸಕ್ಕೆ ಇಂಟೆಲ್, ಭಾರದ ಕೆಲಸಕ್ಕೆ ಎನ್ವಿಡಿಯಾ ಎಂಬ ವ್ಯವಸ್ಥೆ. ಇಂಥ ಯಂತ್ರದಲ್ಲಿ ನೋಮೋಡ್‌ಸೆಟ್ ಹಾಕಿದರೆ ಚೆನ್ನಾಗಿರುವ ಇಂಟೆಲ್ ಡ್ರೈವರನ್ನೂ ನಿಲ್ಲಿಸಿದಂತಾಗುತ್ತದೆ. ಅದರ ಬದಲು "ನೌವೊ ಡಾಟ್ ಮೋಡ್‌ಸೆಟ್ ಸಮ ಚಿಹ್ನೆ ಸೊನ್ನೆ" ಎಂದು, ನಡುವೆ ಜಾಗವಿಲ್ಲದೆ, ಅದೇ ಸ್ಥಳದಲ್ಲಿ ಬರೆದು ನೋಡಿ. ನೌವೊ ಅಕ್ಷರಗಳು ಎನ್, ಓ, ಯು, ವಿ, ಇ, ಎ, ಯು. ಆಗ ತೊಂದರೆ ಕೊಡುವ ದುಭಾಷಿಯನ್ನು ಮಾತ್ರ ಹೊರಗಿಟ್ಟು ಇಂಟೆಲ್ ತನ್ನ ಕೆಲಸ ಮಾಡುತ್ತದೆ.

ಒಳಗೆ ಬಂದ ಮೇಲೆ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ತೆರೆಯಿರಿ. ಅದು ನಿಮ್ಮ ಚಿಪ್‌ಗೆ ಸರಿಹೊಂದುವ ಡ್ರೈವರ್‌ಗಳನ್ನು ತೋರಿಸಿ ಒಂದರ ಮುಂದೆ "ಶಿಫಾರಸು" ಎಂಬ ಅರ್ಥದ ಪದ ಬರೆದಿರುತ್ತದೆ. ಅದನ್ನೇ ಆರಿಸಿ. ಹೊಸ ಸಂಖ್ಯೆಯದು ಉತ್ತಮ ಎಂದು ತಿಳಿಯಬೇಡಿ. ಹಳೆಯ ಚಿಪ್‌ಗೆ ಹಳೆಯ ಸಾಲಿನ ಡ್ರೈವರೇ ಬೇಕು. ಕಂಪನಿಯ ತಾಣದಿಂದ ನೇರವಾಗಿ ಡ್ರೈವರ್ ಇಳಿಸಿ ಹಾಕುವ ಸಾಹಸವೂ ಬೇಡ, ಮುಂದಿನ ಕರ್ನೆಲ್ ಅಪ್‌ಡೇಟ್ ಬಂದಾಗ ಅದು ಕೈಕೊಡಬಹುದು.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತೆ ಚಾಲೂ ಇದ್ದರೆ, ಹೊರಗಿನ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಅದನ್ನು ಬರೆದಿಟ್ಟುಕೊಳ್ಳಿ. ಯಂತ್ರ ಮತ್ತೆ ಶುರುವಾದಾಗ ನೀಲಿ ಬಣ್ಣದ ಪುಟವೊಂದು ಬರುತ್ತದೆ. ಅದು ಕೆಲವೇ ಸೆಕೆಂಡು ಇರುತ್ತದೆ. ಕೂಡಲೇ ಯಾವುದಾದರೂ ಕೀಲಿ ಒತ್ತಿ, "ಎನ್‌ರೋಲ್ ಎಮ್‌ಓಕೆ", ನಂತರ "ಕಂಟಿನ್ಯೂ", ನಂತರ "ಯೆಸ್" ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ನೀಲಿ ಪುಟ ಕಂಡು ವೈರಸ್ ಎಂದು ಹೆದರಿ ಆಫ್ ಮಾಡಿದರೆ ಡ್ರೈವರ್ ಇದ್ದೂ ಇಲ್ಲದಂತಾಗುತ್ತದೆ. ಹಾಗಾದಲ್ಲಿ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ನಿಲ್ಲಿಸುವುದು ಸುಲಭದ ದಾರಿ. ಅದೇ ಯಂತ್ರದಲ್ಲಿ ವಿಂಡೋಸನ್ನೂ ಉಳಿಸಿಕೊಂಡಿದ್ದರೆ, ಅದು ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಚಿತ್ರ ಬಂದರೂ ಸರಿ ಇಲ್ಲದಿದ್ದರೆ

ಅಕ್ಷರಗಳು ದೊಡ್ಡದಾಗಿ, ಪರದೆ 800 ಗುಣಿಸು 600 ಅಥವಾ 1024 ಗುಣಿಸು 768ರಲ್ಲೇ ನಿಂತಿದ್ದರೆ ಡ್ರೈವರ್ ಕೆಲಸ ಮಾಡುತ್ತಿಲ್ಲ ಎಂದು ಸಂಶಯಿಸಿ. ನೋಮೋಡ್‌ಸೆಟ್ ಇನ್ನೂ ಉಳಿದಿದೆಯೇ ಎಂದು ಮೊದಲು ನೋಡಿ. ಗ್ರಾಫಿಕ್ಸ್ ಮಾಹಿತಿಯಲ್ಲಿ "ಎಲ್‌ಎಲ್‌ವಿಎಮ್‌ಪೈಪ್" ಎಂಬ ಹೆಸರು ಕಂಡರೆ, ಚಿತ್ರದ ಕೆಲಸವನ್ನೂ ಪ್ರೊಸೆಸರೇ ಹೊರುತ್ತಿದೆ ಎಂದು ಅರ್ಥ. ಯಂತ್ರ ಬಿಸಿಯಾಗುವುದು, ಫ್ಯಾನ್ ಜೋರಾಗಿ ತಿರುಗುವುದು ಇದರ ಲಕ್ಷಣ.

ಇಂಟೆಲ್ ಯಂತ್ರದಲ್ಲಿ ಪರದೆ ಆಗಾಗ ಮಿಣುಕುತ್ತಿದ್ದರೆ, ವಿದ್ಯುತ್ ಉಳಿಸಲೆಂದು ಇರುವ ಪಿಎಸ್ಆರ್ ಎಂಬ ಸೌಲಭ್ಯ ಕಾರಣವಿರಬಹುದು. "ಐ915 ಡಾಟ್ ಎನೇಬಲ್ ಅಡಿಗೆರೆ ಪಿಎಸ್ಆರ್ ಸಮ ಚಿಹ್ನೆ ಸೊನ್ನೆ" ಎಂದು ಚಿಕ್ಕ ಅಕ್ಷರಗಳಲ್ಲಿ, ಜಾಗ ಬಿಡದೆ, ಅದೇ ಲಿನಕ್ಸ್ ಸಾಲಿಗೆ ಸೇರಿಸಿ ನೋಡಿ. ಗುಣ ಕಂಡರೆ ಮಾತ್ರ ಶಾಶ್ವತ ಮಾಡಿ. ಅದಕ್ಕೆ ಇಟಿಸಿ ಫೋಲ್ಡರ್‌ನೊಳಗಿನ ಡಿಫಾಲ್ಟ್ ಫೋಲ್ಡರ್‌ನಲ್ಲಿರುವ ಗ್ರಬ್ ಎಂಬ ಕಡತದಲ್ಲಿ, "ಕ್ವೈಟ್ ಸ್ಪ್ಲ್ಯಾಶ್" ಇರುವ ಸಾಲಿನ ಉದ್ಧರಣ ಚಿಹ್ನೆಯ ಒಳಗೇ ಅದನ್ನು ಸೇರಿಸಿ, ಟರ್ಮಿನಲ್‌ನಲ್ಲಿ "ಸುಡೋ ಅಪ್‌ಡೇಟ್-ಗ್ರಬ್" ಎಂದು ಕೊಡಬೇಕು. ಇದು ಉಬುಂಟು, ಮಿಂಟ್, ಡೆಬಿಯನ್‌ಗಳಿಗೆ ಅನ್ವಯಿಸುವ ಕ್ರಮ.

ಚಿಕ್ಕ ಪರದೆಯ ನೆಟ್‌ಬುಕ್‌ಗಳಲ್ಲಿ ಮತ್ತೊಂದು ತಮಾಷೆಯ ತೊಂದರೆ. ಸ್ಥಾಪಿಸುವಾಗ "ಮುಂದೆ" ಎಂಬ ಗುಂಡಿ ಪರದೆಯ ಕೆಳಗೆ ಮರೆಯಾಗಿರುತ್ತದೆ. ಆಲ್ಟ್ ಕೀಲಿ ಒತ್ತಿ ಹಿಡಿದು ಮೌಸ್‌ನಿಂದ ಕಿಟಕಿಯನ್ನು ಮೇಲಕ್ಕೆ ಎಳೆಯಿರಿ, ಗುಂಡಿ ಕಾಣುತ್ತದೆ.

ಇನ್ನೊಂದು ಮಾತು, ಇದು ನನ್ನ ವಿಷಯಕ್ಕೇ ಸೇರಿದ್ದು. ಎಲ್ಲ ಸರಿ ಇದ್ದು, ಉರ್ದು ಅಥವಾ ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೆ ಗ್ರಾಫಿಕ್ಸ್ ಚಿಪ್‌ಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ. ಅದು ಅಕ್ಷರಶೈಲಿ ಇಲ್ಲದ ಸಮಸ್ಯೆ. ಉರ್ದುವಿಗೆ ನೋಟೊ ನಸ್ತಲೀಕ್ ಉರ್ದು, ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡ ಫಾಂಟ್‌ಗಳನ್ನು ಉಚಿತವಾಗಿ ಹಾಕಿಕೊಳ್ಳಬಹುದು. ನಸ್ತಲೀಕ್‌ನಲ್ಲಿ ಉರ್ದು ಪಾಠ ತಯಾರಿಸುವ ಶಿಕ್ಷಕರು ಇದನ್ನು ಗಮನಿಸಬೇಕು.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ಮೊದಲನೆಯದು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಹಂತದಲ್ಲಿ ಪರದೆ ಕಪ್ಪಾಯಿತು, ಏನು ಮಾಡಿದಿರಿ, ಏನಾಯಿತು ಎಂದು ಬರೆಯಿರಿ. ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳಲಾಗದು. ಮೂರನೆಯದು, ಅರ್ಥವಾಗದ ಆದೇಶವನ್ನು ಎಲ್ಲಿಂದಲೋ ನಕಲು ಮಾಡಿ ಟರ್ಮಿನಲ್‌ಗೆ ಹಾಕಬೇಡಿ. ಅದು ವೈದ್ಯರನ್ನು ಕೇಳದೆ ಪಕ್ಕದ ಮನೆಯವರ ಮಾತ್ರೆ ನುಂಗಿದಂತೆ. ನಾಲ್ಕನೆಯದು, ಸಹಾಯ ಕೇಳುವಾಗ "ನನ್ನದು ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಹೇಳಬೇಡಿ. ಲ್ಯಾಪ್‌ಟಾಪಿನ ಮಾದರಿ, ಗ್ರಾಫಿಕ್ಸ್ ಚಿಪ್, ಲಿನಕ್ಸ್‌ನ ಹೆಸರು ಮತ್ತು ಆವೃತ್ತಿ, ತೊಂದರೆ ಬಂದ ಹಂತ, ಇವಿಷ್ಟನ್ನು ಹೇಳಿದರೆ ತಿಳಿದವರು ಬೇಗ ಉತ್ತರ ಕೊಡಬಲ್ಲರು.

ಎಲ್ಲ ಯಂತ್ರಗಳೂ ಸರಿಹೋಗುತ್ತವೆ ಎಂದು ನಾನು ಹೇಳಲಾರೆ. ಇಂಟೆಲ್ ಹೆಸರಿದ್ದರೂ ಬೇರೆ ಕಂಪನಿಯ ತಂತ್ರಜ್ಞಾನದ ಗ್ರಾಫಿಕ್ಸ್ ಇದ್ದ ಕೆಲವು ಹಳೆಯ ನೆಟ್‌ಬುಕ್‌ಗಳಲ್ಲಿ ಚಿತ್ರ ಬಂದರೂ ವೇಗ ಬರುವುದಿಲ್ಲ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವೊಂದನ್ನು ನಿಮ್ಮ ಕೋರ್ಸಿನಲ್ಲಿ ಕಡ್ಡಾಯ ಮಾಡಿದ್ದರೆ ಅದನ್ನೂ ವಿಚಾರಿಸಿಯೇ ಮುಂದುವರಿಯಬೇಕು. ಆದರೆ ಬರೆಯಲು, ಓದಲು, ಇಂಟರ್‌ನೆಟ್ ನೋಡಲು, ಪ್ರೋಗ್ರಾಮಿಂಗ್ ಕಲಿಯಲು ಹತ್ತು ವರ್ಷದ ಹಿಂದಿನ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಸಂಘದ ಹಿರಿಯರಲ್ಲಿ ಒಂದು ಮನವಿ. ನಮ್ಮ ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಎಂಬ ಸಂಸ್ಥೆಯ ರೂಪ ತಾಳಿ, ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶವನ್ನೇ ಕಲಿಸುತ್ತಾ ಬಂದಿದೆ. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದಿರಬಹುದು. ಆದರೆ ಸಂಘದ ಕಚೇರಿಯಲ್ಲಿ ಸಿದ್ಧಪಡಿಸಿದ ಎರಡು ಪೆನ್‌ಡ್ರೈವ್ ಮತ್ತು ಒಂದು ರಿಜಿಸ್ಟರ್ ಇಡುವುದು ಕಷ್ಟವಲ್ಲ. ಯಾವ ಮಾದರಿಯ ಲ್ಯಾಪ್‌ಟಾಪ್‌ಗೆ ಯಾವ ಪರಿಹಾರ ಫಲಿಸಿತು ಎಂದು ಅದರಲ್ಲಿ ಬರೆಯುತ್ತಾ ಹೋದರೆ ಮುಂದೆ ಬರುವವರಿಗೆ ಅದೇ ದೊಡ್ಡ ಆಸರೆ. ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಲ್ಯಾಪ್‌ಟಾಪ್‌ಗಳನ್ನು ಸದಸ್ಯರು ಸಂಘಕ್ಕೆ ಕೊಟ್ಟರೆ, ನಮ್ಮ ವಿದ್ಯಾರ್ಥಿಗಳೇ ಅವಕ್ಕೆ ಜೀವ ಕೊಟ್ಟು, ಕೊಳ್ಳಲಾರದ ಮಕ್ಕಳ ಕೈಗೆ ತಲುಪಿಸಬಹುದು. ಹಂಚಿದಷ್ಟೂ ಹೆಚ್ಚುವ ಸಂಪತ್ತು ಇಲ್ಮ್ ಒಂದೇ. ಅದನ್ನು ಹಂಚುವ ಸಾಧನವನ್ನೂ ಹಂಚೋಣ.